ದಾದರಿನ ಮೇಜು, ಸೀಸದ ದಂಡು

ಮುಂಬಯಿಗೆ ಬಂದ ಹೊಸದರಲ್ಲಿ ನನಗಿದ್ದ ಹುಚ್ಚು ಓದಿನದೊಂದೇ. ಫೋರ್ಟಿನ ಒಂದು ವಿಮಾ ಕಂಪನಿಯಲ್ಲಿ ಗುಮಾಸ್ತಿಕೆ, ವಿಲೆ ಪಾರ್ಲೆಯ ಒಂದು ಚಾಳಿನಲ್ಲಿ ಒಂದೂವರೆ ಖೋಲಿಯ ಸಂಸಾರ. ಹೆಂಡತಿ ಧಾರವಾಡದವಳು. ತವರಿನಿಂದ ತಂದ ಟ್ರಂಕಿನಲ್ಲಿ ಸೀರೆಗಳಿಗಿಂತ ಕಾದಂಬರಿಗಳೇ ಹೆಚ್ಚಿದ್ದವು. ಸಂಜೆ ಆಫೀಸಿನಿಂದ ಬಂದು ಚಹಾ ಕುಡಿದವನು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆ, ಅವಳು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಕತೆಯಲ್ಲಿ ಯಾರಿಗಾದರೂ ದುಃಖ ಒದಗಿದರೆ ಬಡಿಯುವ ಸದ್ದು ನಿಂತುಹೋಗುತ್ತಿತ್ತು. ಆಗ ನಾನೂ ನಿಲ್ಲಿಸಿದರೆ, "ಮುಂದ ಓದ್ರಿ, ಹಂಚು ಕಾದದ" ಎನ್ನುತ್ತಿದ್ದಳು. ಮಗಳು ಹುಟ್ಟಿದ ಮೇಲೂ ಈ ಪದ್ಧತಿ ತಪ್ಪಿರಲಿಲ್ಲ.

ಇನ್ನೊಂದು ಹುಚ್ಚು ಹತ್ತಿದ್ದು ಆಫೀಸಿನ ಬಳಿ, ಫೌಂಟನ್ ಹತ್ತಿರದ ಫುಟ್‌ಪಾತಿನಲ್ಲಿ. ಹಳೆಯ ಪುಸ್ತಕ ಹರವಿಕೊಂಡು ಕೂಡುವವನ ಬಳಿ ಒಂದು ದಿನ ವಿಜಯನಗರದ ಚರಿತ್ರೆಯೊಂದನ್ನು ಕೈಗೆತ್ತಿಕೊಂಡಿದ್ದೆ. ಪಕ್ಕದಲ್ಲಿ ಕರಿಯ ಟೋಪಿ ಹಾಕಿಕೊಂಡ ಹಿರಿಯರೊಬ್ಬರು ನಿಂತಿದ್ದರು. ಮರಾಠಿಯಲ್ಲಿ ಕೇಳಿದರು:

"ಅದರಲ್ಲಿ ಯುದ್ಧದ ನಕಾಶೆ ಇದೆಯೇ ನೋಡಿ. ಇಲ್ಲದಿದ್ದರೆ ತಗೊಂಡು ಪ್ರಯೋಜನವಿಲ್ಲ."

ನನ್ನೂರು ವಿಜಾಪುರ. ಮರಾಠಿ ನನಗೆ ಹೊಸದಲ್ಲ. ಪುಟ ಮಗುಚಿ ನೋಡಿ ನಕಾಶೆ ಇಲ್ಲವೆಂದೆ. "ಹಾಗಾದರೆ ಯಾರು ಎಲ್ಲಿ ನಿಂತಿದ್ದರು ಅಂತ ಬರೆದವನಿಗೇ ಗೊತ್ತಿಲ್ಲ" ಎಂದರು. ಹೀಗೆ ಶುರುವಾದ ಮಾತು ಚರ್ಚ್‌ಗೇಟ್ ಸ್ಟೇಷನ್ನಿನವರೆಗೆ ಬಂದು, ಅಲ್ಲಿಂದ ಲೋಕಲ್ಲಿನಲ್ಲಿ ದಾದರಿನವರೆಗೆ ಮುಂದುವರಿಯಿತು. ಇಳಿಯುವಾಗ, ಬರುವ ಭಾನುವಾರ ಮನೆಗೆ ಬನ್ನಿ ಎಂದರು.

ಅವರು ರೇಲ್ವೆಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ದಾದರಿನ ಹಳೆಯ ಬಿಲ್ಡಿಂಗೊಂದರ ಎರಡನೆಯ ಮಾಳಿಗೆಯಲ್ಲಿ ಮಗ, ಸೊಸೆಯ ಜೊತೆ ಇದ್ದರು. ಅವರ ಕೋಣೆಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತುಬಿಟ್ಟೆ. ಕೋಣೆಯ ತುಂಬ ಒಂದು ಭಾರೀ ಮೇಜು. ಅದರ ಮೇಲೆ ಮರಾಠರು ಸೋತ ಪಾಣಿಪತ್ತು. ಮರದ ಪುಡಿಗೆ ಬಣ್ಣ ಹಾಕಿ ಮಾಡಿದ ನೆಲ, ಕಾಲುವೆ, ಗುಡಾರಗಳು, ಬೆರಳಿನ ಒಂದು ಗೆಣ್ಣಿನಷ್ಟೆತ್ತರದ ನೂರಾರು ಸಿಪಾಯಿಗಳು, ಕುದುರೆಗಳು, ಎತ್ತು ಎಳೆಯುವ ಫಿರಂಗಿಗಳು. ಒಬ್ಬೊಬ್ಬನ ಮುಂಡಾಸಿಗೂ ಬಣ್ಣ ಬೇರೆ. ಎಲ್ಲವನ್ನೂ ಅವರೇ ಎರಕ ಹೊಯ್ದದ್ದು. ಗಿರ್‌ಗಾಂವಿನ ಒಂದು ಪ್ರೆಸ್ಸಿನವರು ಸವೆದುಹೋದ ಸೀಸದ ಅಚ್ಚುಮೊಳೆಗಳನ್ನು ಕೊಡುತ್ತಿದ್ದರು. ಅವನ್ನು ಇದ್ದಿಲ ಒಲೆಯ ಮೇಲೆ ಕರಗಿಸಿ ಪ್ಲಾಸ್ಟರಿನ ಅಚ್ಚಿಗೆ ಹೊಯ್ಯುತ್ತಿದ್ದರು.

ಇದು ನೋಡಿ ಸಂತೋಷಪಡುವ ಗೊಂಬೆಗಳ ಪ್ರದರ್ಶನವಲ್ಲ, ಆಟ. ಎದುರುಬದುರು ಇಬ್ಬರು, ಇಬ್ಬರಿಗೂ ಒಂದೊಂದು ಸೈನ್ಯ. ಕಾಲಾಳು ಒಂದು ಸಲಕ್ಕೆ ಒಂದು ಗೇಣು ನಡೆಯಬಹುದು, ಕುದುರೆ ಎರಡು ಗೇಣು. ಅಳೆಯಲು ಫುಟ್‌ಪಟ್ಟಿ. ಎರಡು ದಂಡು ತಾಗಿದಲ್ಲಿ ದಾಳ ಹಾಕಬೇಕು. ಸೋತವರನ್ನು ಮೇಜಿನ ಮೇಲೇ ಮಗ್ಗುಲಾಗಿ ಮಲಗಿಸಿ, ಆ ಸರದಿ ಮುಗಿದ ಮೇಲೆ ಅಂಚಿಗೆ ಸಾಲಾಗಿ ಇಡಬೇಕು. ಚರಿತ್ರೆಯಲ್ಲಿ ಹೇಗೆ ನಿಂತಿದ್ದರೋ ಹಾಗೇ ನಿಲ್ಲಿಸಿ ಆಟ ಶುರು ಮಾಡುವುದು. ಅಲ್ಲಿಂದ ಮುಂದೆ ಆಡುವವರ ಬುದ್ಧಿ, ಅದೃಷ್ಟ.

"ಮೂವತ್ತು ವರ್ಷದಿಂದ ಪಾಣಿಪತ್ತನ್ನು ಗೆಲ್ಲಲು ನೋಡುತ್ತಿದ್ದೇನೆ, ವಿಜಾಪುರವಾಲೆ," ಎಂದರು ಕಾಕಾ. ಅಂದಿನಿಂದ ಅವರು ನನ್ನನ್ನು ಹಾಗೇ ಕರೆದರು, ನಾನು ಅವರನ್ನು ಕಾಕಾ ಎಂದೆ. "ಒಂದೆರಡು ಸಲ ಗೆದ್ದೆ. ಆದರೆ ಮರುದಿನ ಬೆಳಿಗ್ಗೆ ಎದ್ದರೆ ಸೋತದ್ದು ಸೋತದ್ದೇ."

ನನಗೆ ಆ ಕ್ಷಣವೇ ರಕ್ಕಸಗಿ-ತಂಗಡಗಿ ನೆನಪಾಯಿತು. ವಿಜಯನಗರ ಮುಳುಗಿದ ಆ ಬಯಲು ನಮ್ಮ ಜಿಲ್ಲೆಯದೇ. ಚಿಕ್ಕಂದಿನಲ್ಲಿ ಸೋದರಮಾವನ ಜೊತೆ ಚಕ್ಕಡಿಯಲ್ಲಿ ಆ ಕಡೆ ಹಾದುಹೋದದ್ದುಂಟು. ಜೋಳದ ಹೊಲ, ದೂರದಲ್ಲಿ ಕೃಷ್ಣೆ. ಅಲ್ಲಿ ನೋಡಲು ಏನೂ ಇರಲಿಲ್ಲ. ಅದನ್ನು ಮೇಜಿನ ಮೇಲೆ ತರೋಣವೇ ಎಂದು ಕೇಳಿದೆ. "ಆನೆಗಳ ಅಚ್ಚು ಮಾಡಬೇಕಾಗುತ್ತದೆ" ಎಂದಷ್ಟೇ ಹೇಳಿ ಕಾಕಾ ಕಾಗದ, ಪೆನ್ಸಿಲ್ ತಗೊಂಡರು.

ಮುಂದಿನ ಎರಡು ವರ್ಷ ನನ್ನ ಭಾನುವಾರಗಳೆಲ್ಲ ದಾದರಿಗೆ ಹೋದವು. ಸಿಪಾಯಿಗಳು ಪಾರ್ಲೆಗೂ ಬಂದರು. ಎರಕ ಅವರದು, ಬಣ್ಣ ನನ್ನದು ಎಂದು ಮಾತಾಗಿತ್ತು. ಸಂಜೆ ಬಂದವನೇ ಕಿಟಕಿಯ ಬೆಳಕಿರುವಾಗ ಕುಂಚ ಹಿಡಿದು ಕೂಡುತ್ತಿದ್ದೆ. ಬೆಳಕು ಹೋದ ಮೇಲೆ ಕಣ್ಣು ಉರಿಯುತ್ತಿದ್ದವು, ಓದಲು ಆಗುತ್ತಿರಲಿಲ್ಲ. ಓದಿದರೂ ಯಾರು ಯಾವ ಬಗೆಯ ಅಂಗಿ ತೊಡುತ್ತಿದ್ದರು, ಯಾವ ಬಿಲ್ಲು ಹಿಡಿಯುತ್ತಿದ್ದರು ಎಂಬುದನ್ನು ಹುಡುಕಲಿಕ್ಕಷ್ಟೇ. ಹೊಸ್ತಿಲ ಮೇಲಿನ ಓದು ಯಾವಾಗ ನಿಂತಿತೋ ನನಗೆ ತಿಳಿಯಲೇ ಇಲ್ಲ. ಹೆಂಡತಿಗೆ ತಿಳಿದಿತ್ತು, ಆಕೆ ಬಾಯಿ ಬಿಟ್ಟು ಹೇಳಲಿಲ್ಲ.

ಒಂದು ದಿನ ಗೋಡೆಯ ಹಲಗೆಯ ಮೇಲಿನ ಅವಳ ಪುಸ್ತಕಗಳನ್ನು ತೆಗೆದು ಟ್ರಂಕಿಗೆ ಹಾಕಿ, ಅಲ್ಲಿ ಆನೆಗಳನ್ನು ಒಣಗಲು ಇಟ್ಟೆ. ಮರುದಿನ ಆಫೀಸಿನಿಂದ ಬಂದರೆ ಪುಸ್ತಕಗಳು ಹಲಗೆಯ ಮೇಲಿದ್ದವು. ಆನೆಗಳು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಮಳೆಯಲ್ಲಿ ನೆನೆಯುತ್ತಿದ್ದವು. ಬಣ್ಣ ಇಳಿದು ಕಟ್ಟೆ ಬೂದಿಬಣ್ಣಕ್ಕೆ ತಿರುಗಿತ್ತು. ನಾನು ಸಿಟ್ಟಿನಿಂದ ಏನೋ ಅಂದೆ.

"ಅಲ್ರೀ," ಎಂದಳು ಅವಳು, ಹಿಟ್ಟಿನ ಕೈ ಹಾಗೇ ಇತ್ತು. "ನಿಮ್ಮ ದಂಡಿಗೆ ಒಂದ ದಿನಾನೂ ರಜಾ ಇಲ್ಲೇನು? ಹೋದ ಆಯ್ತವಾರ ಈಕಿ ಜುಹೂಕ ಹೋಗೂದದ ಅಂತ ಹೊಸಾ ಫ್ರಾಕ್ ಹಾಕ್ಕೊಂಡು ಬಾಗಿಲದಾಗ ಕೂತಿದ್ಲು. ನೀವು ಆಕಿನ್ನ ದಾಟಕೊಂಡು ಹೋದ್ರಿ."

ಮಗಳು ಮೂಲೆಯಲ್ಲಿ ಕೂತು ಪಾಟಿಯ ಮೇಲೆ ಬರೆಯುತ್ತಿದ್ದಳು, ತಲೆ ಎತ್ತಲಿಲ್ಲ. ಅವಳನ್ನು ಆ ದಿನ ಬಾಗಿಲಲ್ಲಿ ನೋಡಿದ ನೆನಪು ನನಗೆ ಎಷ್ಟು ತಡಕಿದರೂ ಸಿಗಲಿಲ್ಲ.

ಜಗಳ ದೊಡ್ಡದಾಗಲಿಲ್ಲ. ನಮ್ಮ ಚಾಳಿನ ಗೋಡೆಗಳು ತೆಳ್ಳಗಿದ್ದವು, ದೊಡ್ಡ ಜಗಳಕ್ಕೆ ಅಲ್ಲಿ ಜಾಗವೂ ಇರಲಿಲ್ಲ. ಅವಳೇ ಒಂದು ತೀರ್ಪು ಹೇಳಿದಳು. ಒಂದು ಭಾನುವಾರ ದಾದರಿಗೆ, ಒಂದು ಭಾನುವಾರ ಮನೆಗೆ. ಸಂಜೆ ಮೊದಲು ಓದು, ಆಮೇಲೆ ಬಣ್ಣ. ಆನೆಗಳಿಗೆ ಮಂಚದ ಕೆಳಗಿನ ಬಿಸ್ಕತ್ತಿನ ಡಬ್ಬಿ. ನಾನು ಒಪ್ಪಿದೆ. ಒಪ್ಪಂದ ಮುರಿದೀತೆಂದು ಇಬ್ಬರಿಗೂ ಅನುಮಾನವಿತ್ತು, ಆದರೂ ಅದು ಹೇಗೋ ನಡೆದುಕೊಂಡು ಹೋಯಿತು. ಕತೆ ಓದುವಾಗ ನನ್ನ ಬೆರಳಿನ ಸಂದಿಯಲ್ಲಿ ಹಳದಿಯೋ ಕೆಂಪೋ ಅಂಟಿರುತ್ತಿತ್ತು. ಅವಳ ಕಾದಂಬರಿಗಳ ಅಂಚುಗಳಲ್ಲಿ ಆ ಗುರುತುಗಳು ಈಗಲೂ ಇವೆ.

ಆ ವರ್ಷದ ಗಣಪತಿ ಹಬ್ಬಕ್ಕೆ ಕಾಕಾ ನಮ್ಮನ್ನೆಲ್ಲ ಕರೆದರು. ಹೆಂಡತಿ ಮೊದಲ ಸಲ ಆ ಮೇಜನ್ನು ನೋಡಿದಳು. ಸುತ್ತ ಒಂದು ಸುತ್ತು ಬಂದು, "ಇಷ್ಟ ಮಂದಿಗೆ ಅಡಿಗಿ ಯಾರು ಮಾಡತಿದ್ರೋ" ಎಂದಳು. ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳಿದಾಗ ಕಾಕಾನ ಮಗ ಜೋರಾಗಿ ನಕ್ಕ. ಒಂದು ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದ ಅವನು ಉದ್ದನೆಯ, ಸಣಕಲು ದೇಹದ ಯುವಕ. ಮದುವೆಯಾಗಿ ಎರಡು ವರ್ಷವಾಗಿತ್ತು. ನನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿಯ ಗಣಪತಿಗಳನ್ನೆಲ್ಲ ತೋರಿಸಿಕೊಂಡು ಬಂದ.

ರಾಜ್ಯಗಳನ್ನು ಭಾಷೆಯ ಮೇಲೆ ಹಂಚುವ ಮಾತು ಆಗ ಊರೆಲ್ಲ ನಡೆದಿತ್ತು. ಮುಂಬಯಿ ಯಾರಿಗೆ, ಬೆಳಗಾವಿ ಯಾರಿಗೆ ಎಂದು ಲೋಕಲ್ಲಿನಲ್ಲಿ ಜನ ಕೈ ಕೈ ಮಿಲಾಯಿಸುವಷ್ಟು ವಾದ ಮಾಡುತ್ತಿದ್ದರು. ಕಾಕಾನ ಮಗ ಮುಂಬಯಿ ಮರಾಠಿಗರದು ಎನ್ನುವವರ ಸಭೆಗಳಿಗೆ ಹೋಗುತ್ತಿದ್ದ. ನನ್ನನ್ನು ಕಂಡಾಗಲೆಲ್ಲ, "ದಾದಾ, ಬೆಳಗಾವಿ ನಮ್ಮದು, ಬೇಕಾದರೆ ವಿಜಾಪುರ ನೀವು ಇಟ್ಟುಕೊಳ್ಳಿ" ಎಂದು ತಮಾಷೆ ಮಾಡುತ್ತಿದ್ದ. ಒಳಗಿನಿಂದ ಕಾಕಾ, "ಮೊದಲು ತಲೆಗೆ ಎಣ್ಣೆ ಹಚ್ಚಿಕೋ, ಆಮೇಲೆ ರಾಜ್ಯ ಹಂಚು" ಎಂದು ಗದರಿಸುತ್ತಿದ್ದರು.

ದೀಪಾವಳಿ ಕಳೆದ ಮೇಲೆ ನಮ್ಮ ರಕ್ಕಸಗಿ-ತಂಗಡಗಿ ಸಿದ್ಧವಾಯಿತು. ನೀಲಿ ಬಟ್ಟೆಯ ಕೃಷ್ಣೆ, ಹುರಿದ ರವೆಯ ಬಯಲು, ಎಡಕ್ಕೂ ಬಲಕ್ಕೂ ದಂಡುಗಳು. ವಿಜಯನಗರ ನನ್ನದು, ಸುಲ್ತಾನರು ಅವರದು. ಈ ಯುದ್ಧ ನಿಧಾನವಾಗಿ, ಹಲವು ಭಾನುವಾರ ನಡೆಯಿತು. ನಾನು ನನ್ನ ಬಲದ ಕುದುರೆಗಳನ್ನು ನುಗ್ಗಿಸದೆ ತಡೆದು ಇಟ್ಟುಕೊಂಡೆ, ಆನೆಗಳನ್ನು ಫಿರಂಗಿಯ ಎದುರಿನಿಂದ ಹಿಂದಕ್ಕೆ ಎಳೆದೆ. ಸಂಕ್ರಾಂತಿಯ ಮರುದಿನ ಭಾನುವಾರ. ಅಂದು ಸಂಜೆಯ ಹೊತ್ತಿಗೆ ಸುಲ್ತಾನರ ಒಂದು ಬದಿ ಪೂರ್ತಿ ಕುಸಿದಿತ್ತು. ಕಾಕಾ ಕನ್ನಡಕ ತೆಗೆದು ಒರೆಸಿಕೊಂಡು ಮೇಜನ್ನು ಬಹಳ ಹೊತ್ತು ನೋಡಿದರು.

"ವಿಜಾಪುರವಾಲೆ, ನೀವು ಗೆಲ್ಲುವ ಹಾಗೆ ಕಾಣುತ್ತದೆ."

ಮಗ ಬಂದು ನನ್ನ ಕೈಗೆ ಎಳ್ಳುಬೆಲ್ಲದ ತಿಳಗೂಳ ಇಟ್ಟ. ಮಗಳಿಗೆ ಎಂದು ಇನ್ನೊಂದಿಷ್ಟನ್ನು ಕಾಗದದಲ್ಲಿ ಕಟ್ಟಿಕೊಟ್ಟ. ಮೇಜಿನ ಮೇಲೆ ಹಳೆಯ ಧೋತರ ಹೊದಿಸಿ, ಮುಂದಿನ ಸಲ ಮುಗಿಸೋಣ ಎಂದು ಎದ್ದೆವು.

ಮರುದಿನವೇ ಊರು ಹೊತ್ತಿಕೊಂಡಿತು. ಮುಂಬಯಿಯನ್ನು ಮರಾಠಿ ರಾಜ್ಯಕ್ಕೆ ಸೇರಿಸದೆ ಬೇರೆಯಾಗಿ ಇಡುತ್ತಾರೆಂಬ ಸುದ್ದಿ ರೇಡಿಯೋದಲ್ಲಿ ಬಂತು. ಹರತಾಳ, ಕಲ್ಲು, ಸುಟ್ಟ ಬಸ್ಸುಗಳು, ಕರ್ಫ್ಯೂ. ಗಾಡಿಗಳು ಒಮ್ಮೆ ಓಡುತ್ತಿದ್ದವು, ಒಮ್ಮೆ ನಿಲ್ಲುತ್ತಿದ್ದವು. ದಾದರ್, ಪರೇಲ್ ಕಡೆ ಗೋಲೀಬಾರ್ ಆಗುತ್ತಿದೆ ಎಂದು ಚಾಳಿನ ಜನ ಗ್ಯಾಲರಿಯಲ್ಲಿ ನಿಂತು ಮಾತಾಡುತ್ತಿದ್ದರು. ಹೆಂಡತಿ ನನಗೆ ಹೊರಗೆ ಕನ್ನಡ ಮಾತಾಡಬೇಡಿರೆಂದಳು. ಕಿಟಕಿ ಮುಚ್ಚಿಕೊಂಡು, ದನಿ ತಗ್ಗಿಸಿ ಕತೆ ಓದಿದೆವು. ಅವಳು ಕೇಳುತ್ತಿದ್ದಳೋ ಇಲ್ಲವೋ, ನಾನು ಓದುತ್ತಿದ್ದೆನೋ ಇಲ್ಲವೋ.

ಹತ್ತಿರ ಹತ್ತಿರ ಎರಡು ವಾರದ ಮೇಲೆ ದಾದರಿಗೆ ಹೋಗುವಂತಾಯಿತು. ಹೆಂಡತಿ ತಾನೂ ಬರುತ್ತೇನೆಂದಳು. ಮಗಳನ್ನು ಪಕ್ಕದ ಖೋಲಿಯವರ ಹತ್ತಿರ ಬಿಟ್ಟು ಹೊರಟೆವು. ಬಿಲ್ಡಿಂಗಿನ ಮೆಟ್ಟಿಲ ಹತ್ತಿರದ ಗೋಡೆಯ ಮೇಲೆ ಹೊಸ ಹಲಗೆ ತೂಗಿತ್ತು. ಹುತಾತ್ಮ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಕಾಕಾನ ಮಗನ ಹೆಸರು ಬರೆದಿದ್ದರು. ಹೂವಿನ ಹಾರ ಒಣಗಿತ್ತು. ಹೆಂಡತಿಗೆ ಮರಾಠಿ ಓದಲು ಅಷ್ಟಾಗಿ ಬರದು. ನನ್ನ ಮುಖ ನೋಡಿ, "ಯಾರು?" ಎಂದಳು. ಅವಳು ಮತ್ತೆ ಹಲಗೆಯತ್ತ ತಿರುಗಿ, ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ತಾನೇ ಓದಿಕೊಂಡಳು.

ಬಾಗಿಲು ತೆರೆದದ್ದು ಸೊಸೆ. ಹೆಂಡತಿ ಅವಳ ಕೈ ಹಿಡಿದುಕೊಂಡು ಅಡಿಗೆಮನೆಗೆ ಹೋದಳು. ಕಾಕಾ ತಮ್ಮ ಕೋಣೆಯಲ್ಲಿ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಧೋತರ ಹೊದಿಸಿದ್ದು ಹಾಗೇ ಇತ್ತು.

"ಇಸ್ತ್ರಿ ಬಟ್ಟೆ ತರಲು ಹೋಗಿದ್ದ," ಎಂದರು, ನಾನು ಕೇಳದಿದ್ದರೂ. "ಮೂಲೆಯ ಧೋಬಿಯ ಹತ್ತಿರ. ಆಫೀಸು ತೆರೆದರೆ ಬಿಳಿ ಅಂಗಿ ಬೇಕು ಅಂದ. ಜನ ಓಡಿ ಬಂದರು, ಹಿಂದೆ ಪೊಲೀಸರು. ಗುಂಡು ಹೊಟ್ಟೆಗೆ ಬಿತ್ತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದ. ನೀರು ಕೇಳಿದ, ಅವರು ಕೊಡಬಾರದು ಅಂದರು. ನಾನೂ ಕೊಡಲಿಲ್ಲ."

ಮತ್ತೆ ಹೇಳಿದರು: "ಕೆಳಗೆ ಹಲಗೆ ನೋಡಿದಿರಲ್ಲ? ಅವನು ಮೋರ್ಚಾದ ಮುಂದಿನ ಸಾಲಿನಲ್ಲಿದ್ದನಂತೆ. ಭಾಷಣ ಮಾಡಿ ಹೋದರು. ಅವನು ಧೋಬಿಯ ಅಂಗಡಿಯಲ್ಲಿದ್ದ."

ಸೊಸೆ ಬಾಗಿಲಿಗೆ ಬಂದು ನಿಂತಿದ್ದು ಅವರಿಗೆ ಗೊತ್ತಾಗಿರಲಿಲ್ಲ.

"ಬಾಬಾ, ಹಾಗೆ ಹೇಳಬೇಡಿ," ಎಂದಳು. "ಬಟ್ಟೆ ನೆಪಕ್ಕೆ ಹೇಳಿದ್ದು. ಅವರು ಮೋರ್ಚಾಕ್ಕೇ ಹೋಗಿದ್ದರು. ನನಗೆ ಗೊತ್ತು."

"ನಿನಗೆ ಹೇಳಿ ಹೋದನೇ?"

"ಹೇಳಬೇಕಾಗಿಲ್ಲ."

ಅವಳು ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಆಮೇಲೆ ಕಾಕಾ ಮೇಜಿನತ್ತ ಕೈ ಮಾಡಿ, "ಇದನ್ನು ತೆಗೆದುಬಿಡಿ. ನನ್ನ ಕೈಲಿ ಆಗುವುದಿಲ್ಲ" ಎಂದರು.

ಧೋತರ ಸರಿಸಿದೆ. ನಾವು ಬಿಟ್ಟಂತೆಯೇ ಎಲ್ಲವೂ ನಿಂತಿದ್ದವು. ನನ್ನ ಆನೆಗಳು ಮುಂದೆ ಬಂದಿದ್ದವು, ಅವರ ಕುದುರೆಗಳು ನದಿಯತ್ತ ತಿರುಗಿದ್ದವು. ಕಾಕಾ, "ಮಲಗಿಸಿದವರನ್ನು ಮೊದಲು ತೆಗೆಯಿರಿ" ಎಂದರು. ಅಂಚಿನಲ್ಲಿ ಸಾಲಾಗಿ ಇಟ್ಟವರನ್ನು ಒಬ್ಬೊಬ್ಬರನ್ನಾಗಿ ಎತ್ತಿ, ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ. ಎರಡು ವರ್ಷ ಕೂತು ಒಬ್ಬೊಬ್ಬನಿಗೂ ಮೀಸೆ ಬರೆದವನು ನಾನು. ಆ ದಿನ ಆ ಮುಖಗಳನ್ನು ನೋಡಲಾರದೆ ಬೆನ್ನಿನ ಕಡೆಯಿಂದ ಹಿಡಿದು ಎತ್ತಿದೆ. ನದಿಯ ಬಟ್ಟೆಯನ್ನು ಮಡಚಿದೆ. ರವೆಯನ್ನು ಕಾಗದದ ಮೇಲೆ ಬಳಿದುಕೊಂಡೆ. ಕೊನೆಗೆ ಬರೀ ಮೇಜು ಉಳಿಯಿತು, ಇಂಕಿನ ಕಲೆಗಳ ಹಳೆಯ ಮೇಜು. ಕಾಕಾ ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತರು.

ವಾಪಸಾಗುವಾಗ ಲೋಕಲ್ಲಿನಲ್ಲಿ ಹೆಂಡತಿ ಕಿಟಕಿಯಾಚೆ ನೋಡುತ್ತ ಮೆಲ್ಲಗೆ ಹೇಳಿದಳು: "ಆಕಿಗೆ ಹಂಗ ಅನಕೊಂಡರ ಸಮಾಧಾನ. ಅವರಿಗೆ ಹಿಂಗ ಅನಕೊಂಡರ ಸಮಾಧಾನ. ಇಬ್ಬರೂ ಒಂದ ಮನ್ಯಾಗ ಹ್ಯಾಂಗ ಇರತಾರ್ರೀ?"

ಇರಲಾಗಲಿಲ್ಲ. ಬೇಸಿಗೆಗೆ ಮುಂಚೆ ಸೊಸೆಯ ಅಣ್ಣ ಬಂದು ಅವಳನ್ನು ಪುಣೆಗೆ ಕರೆದುಕೊಂಡು ಹೋದ. ಗಂಡನ ಫೋಟೋ ಅವಳು ಒಯ್ದಳು. ಗೋಡೆಯ ಮೇಲೆ ಮೊಳೆ ಉಳಿಯಿತು.

ಆಮೇಲೆ ಕಾಕಾ ತಾವೇ ಪಾರ್ಲೆಗೆ ಬರತೊಡಗಿದರು. ಮೊದಲ ಸಲ ಬಂದಾಗ ಏನು ಮಾತಾಡಬೇಕೋ ನನಗೆ ತೋಚಲಿಲ್ಲ. ಸಂಜೆಯಾಯಿತು. ಹೆಂಡತಿ ರೊಟ್ಟಿಗೆ ಹಿಟ್ಟು ತೆಗೆದಳು. "ದಿನಾ ಓದೂ ಹಂಗ ಓದ್ರಿ," ಎಂದಳು ನನಗೆ. ಕಾಕಾನಿಗೆ ಕನ್ನಡದ ಒಂದು ಶಬ್ದವೂ ಬರುತ್ತಿರಲಿಲ್ಲ. ನಾನು ಸಂಕೋಚಪಟ್ಟುಕೊಂಡೇ ಓದಿದೆ. ಅವರು ಗೋಡೆಗೆ ಒರಗಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು. ಮುಗಿದಾಗ, "ಕತೆಯಲ್ಲಿ ಏನಾಯಿತು?" ಎಂದು ಕೇಳಬಹುದೆಂದುಕೊಂಡೆ. ಕೇಳಲಿಲ್ಲ. "ಮನೆಯಲ್ಲಿ ಯಾರದೂ ದನಿ ಇಲ್ಲ" ಎಂದಷ್ಟೇ ಹೇಳಿ, ರೊಟ್ಟಿ ತಿಂದು, ಗಾಡಿ ಹಿಡಿದು ಹೋದರು. ಹಾಗೆ ಮಳೆಗಾಲ ಮುಗಿಯುವವರೆಗೂ ಬಂದರು. ಮಗಳು ಅವರನ್ನು, ಮರಾಠಿ ಮಕ್ಕಳು ಅಜ್ಜನನ್ನು ಕರೆಯುವಂತೆ, ಆಜೋಬಾ ಎಂದು ಕರೆದು, ತನ್ನ ಪಾಟಿ ತೋರಿಸುತ್ತಿದ್ದಳು. ಅವರು ಅದರ ಮೇಲೆ ಬಳಪದಿಂದ ಸೇತುವೆ, ರೈಲು, ಸಿಗ್ನಲ್ ಕಂಬ ಬರೆದುಕೊಡುತ್ತಿದ್ದರು. ಸಿಪಾಯಿ ಬರೆದುಕೊಡು ಎಂದು ಅವಳು ಒಮ್ಮೆ ಕೇಳಿದಾಗ, ಅವರು ಕೇಳಿಸದವರ ಹಾಗೆ ಇನ್ನೊಂದು ಸೇತುವೆ ಬರೆದರು.

ದಸರೆಯ ಹೊತ್ತಿಗೆ ಅವರು ಕೋಣೆ ಬಿಟ್ಟು ಕೊಂಕಣದಲ್ಲಿದ್ದ ತಂಗಿಯ ಮನೆಗೆ ಹೊರಟರು. ಮೇಜನ್ನು ಶಾಲೆಯೊಂದಕ್ಕೆ ಕೊಟ್ಟರು. ಸಿಪಾಯಿಗಳ ಡಬ್ಬಿಗಳನ್ನೆಲ್ಲ ನನ್ನ ಮನೆಗೆ ತಂದು ಹಾಕಿಸಿದರು, ಪಾಣಿಪತ್ತನ್ನೂ ಸೇರಿಸಿ. ಬೀಳ್ಕೊಡುವಾಗ ನಾನು, "ಅಲ್ಲಿ ಓದಲು ಪುಸ್ತಕ ಕಳಿಸಲೇ?" ಎಂದೆ.

"ಬೇಡ," ಎಂದರು. "ಇಷ್ಟು ಸಾವಿರ ಜನ ಬಿದ್ದರು ಅಂತ ಬರೆದಿರುತ್ತಾರೆ. ಅದರಲ್ಲಿ ಎಷ್ಟು ಮಂದಿ ಬಟ್ಟೆ ತರಲು ಹೋಗಿದ್ದರೋ ಯಾರಿಗೆ ಗೊತ್ತು."

ಮತ್ತೆ ನಾನು ಅವರನ್ನು ನೋಡಲಿಲ್ಲ. ಎರಡು ವರ್ಷದ ಮೇಲೆ, ಅವರ ಬಿಲ್ಡಿಂಗಿನವರೊಬ್ಬರು ಗಾಡಿಯಲ್ಲಿ ಸಿಕ್ಕಾಗ, ಹೋಗಿಬಿಟ್ಟರಂತೆ ಎಂದು ಹೇಳಿದರು.

ಮಂಚದ ಕೆಳಗೆ ಎರಡೂ ಯುದ್ಧಗಳು ತುಂಬಿಕೊಂಡಿದ್ದವು. ನಾನು ಕುಂಚ ಮುಟ್ಟುತ್ತಿರಲಿಲ್ಲ. ಭಾನುವಾರ ಮಗಳನ್ನು ಜುಹೂಗೆ ಕರೆದೊಯ್ಯುತ್ತಿದ್ದೆ, ಸಂಜೆ ಓದುತ್ತಿದ್ದೆ, ಎಲ್ಲವೂ ಹೆಂಡತಿ ಬಯಸಿದಂತೆಯೇ ನಡೆದಿತ್ತು. ಅವಳಿಗೆ ಅದರಿಂದ ಸುಖವಾದಂತೆ ಕಾಣಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳೇ ಒಂದು ಡಬ್ಬಿ ಎಳೆದು, ಚಾಪೆಯ ಮೇಲೆ ಸಿಪಾಯಿಗಳನ್ನು ಸುರುವಿದಳು.

"ಹ್ಯಾಂಗ ಆಡೂದು, ನನಗ ಹೇಳಿಕೊಡ್ರಿ."

"ನಿನಗ್ಯಾಕ ಇದೆಲ್ಲ?"

"ನೀವು ಸುಮ್ಮ ಕೂಡೂದು ನೋಡಲಿಕ್ಕ ಆಗವಲ್ದು."

ಹೇಳಿಕೊಟ್ಟೆ. ಇಬ್ಬರೂ ಸೈನ್ಯ ನಿಲ್ಲಿಸಿದೆವು. ಮಗಳು ನಮ್ಮಿಬ್ಬರ ನಡುವೆ ದಾಳ ಹಿಡಿದು ಕೂತಳು. ನಾನು ನನ್ನ ಕಾಲಾಳುಗಳನ್ನು ಒಂದು ಗೇಣು ಮುಂದೆ ತಂದೆ. ಅವಳ ಸರದಿ ಬಂತು. ತನ್ನ ಸಾಲನ್ನು ನೋಡುತ್ತ ಕೂತಳು. ಒಬ್ಬನನ್ನು ಎತ್ತಿದಳು, ಅವನ ಮುಂಡಾಸನ್ನು ಹೆಬ್ಬೆರಳಿನಿಂದ ಸವರಿದಳು, ಇದ್ದಲ್ಲೇ ಇಟ್ಟಳು.

"ನಾ ಒಲ್ಲೆ," ಎಂದಳು. "ಇವರು ಇಲ್ಲೇ ನಿಂತಿರಲಿ. ನೀವ ಬೇಕಾದರ ಬರ್ರಿ."

ನಾನು ಇನ್ನೊಂದು ಗೇಣು ಬಂದೆ. ಅವಳು ಅಲುಗಲಿಲ್ಲ. ಆಮೇಲೆ ನನಗೂ ಕೈ ಬರಲಿಲ್ಲ. ಮಗಳು ದಾಳವನ್ನು ಅಂಗೈಯಲ್ಲಿ ಕುಲುಕುತ್ತ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು. ಕೊನೆಗೆ ಬೇಸರಗೊಂಡು ಗ್ಯಾಲರಿಗೆ ಆಡಲು ಓಡಿದಳು. ನಾವಿಬ್ಬರೂ ಚಾಪೆಯ ಮೇಲೆ, ನಡುವೆ ಒಂದು ಮೊಳದಷ್ಟು ಬರಿದು ನೆಲ ಬಿಟ್ಟುಕೊಂಡು, ಚಹಾದ ಹೊತ್ತಾಗುವವರೆಗೂ ಹಾಗೇ ಕೂತಿದ್ದೆವು.